ಬೇಸ್‌ಮೆಂಟಿನ ಕಲ್ಲಿದ್ದಲು ಸ್ಟವ್: ಶಾಖ ಮೇಲೆ ಬರದಿದ್ದರೆ ಎಲ್ಲಿಂದ ಶುರು ಮಾಡಬೇಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಅಂದರೆ ಸ್ಕ್ರಾಂಟನ್, ವಿಲ್ಕ್ಸ್‌ಬ್ಯಾರಿ, ಹೇಜಲ್‌ಟನ್, ಪಾಟ್ಸ್‌ವಿಲ್ ಸುತ್ತಮುತ್ತ ಹಳೇ ಮನೆ ಕೊಂಡರೆ ಬೇಸ್‌ಮೆಂಟಿನಲ್ಲಿ ಒಂದು ಕಲ್ಲಿದ್ದಲು ಸ್ಟವ್ ಸಿಕ್ಕರೆ ಆಶ್ಚರ್ಯವಿಲ್ಲ. ಕೆಳಗಿರುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಗಣಿಯ ನೆಲ. 1917ರಲ್ಲಿ ಇಲ್ಲಿಂದ ಸುಮಾರು 10 ಕೋಟಿ ಟನ್ ತೆಗೆದಿದ್ದರು. ಗಣಿಗಳು ಬಹುಪಾಲು ಮುಚ್ಚಿದರೂ ಸ್ಟವ್‌ಗಳು ಉಳಿದಿವೆ, ಕಲ್ಲಿದ್ದಲು ಈಗಲೂ ಲಾರಿಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಕೆಲಸಕ್ಕೆಂದು ಬಂದು ಈ ಕಡೆ ಮನೆ ಮಾಡಿದ ನಮ್ಮವರು ಮೊದಲ ಚಳಿಗಾಲದಲ್ಲಿ ಎರಡು ದೂರು ಹೇಳುತ್ತಾರೆ. ಒಂದು, "ಕೆಳಗೆ ಬನಿಯನ್ನಲ್ಲಿ ಕೂರುವಷ್ಟು ಸೆಕೆ, ಮೇಲೆ ಸ್ವೆಟರ್ ಬಿಚ್ಚೋ ಹಾಗಿಲ್ಲ." ಇನ್ನೊಂದು, "ಚೀಲಗಟ್ಟಲೆ ಸುರಿದರೂ ಎಲ್ಲೂ ಬೆಚ್ಚಗಾಗಲ್ಲ." ಕೇಳಲು ಎರಡೂ ಒಂದೇ ಥರ ಇದ್ದರೂ ಕಾರಣ ಬೇರೆ, ಮದ್ದೂ ಬೇರೆ. ಇದು ತಿಳಿಯದೆ ದೊಡ್ಡ ಸ್ಟವ್ ಕೊಳ್ಳುವುದು, ನಾಲ್ಕಾರು ಫ್ಯಾನ್ ತಂದಿಡುವುದು ದುಡ್ಡು ದಂಡ.

ಇಲ್ಲಿ ಬರೆಯುತ್ತಿರುವುದು ಕೈಯಿಂದ ಕಲ್ಲಿದ್ದಲು ತುಂಬುವ, ಆಂಥ್ರಸೈಟ್ ಉರಿಸುವ ಸ್ಟವ್ ಬಗ್ಗೆ. ತಾನೇ ಕಲ್ಲಿದ್ದಲು ತಳ್ಳಿಕೊಳ್ಳುವ ಸ್ಟೋಕರ್ ಇದ್ದವರಿಗೆ ಬೆಂಕಿಯ ಭಾಗ ಬೇಡ. ಗೋಡೆ, ಗಾಳಿ, ಚಿಮಣಿಯ ಭಾಗ ಹಾಗೇ ಅನ್ವಯಿಸುತ್ತದೆ.

ಎಲ್ಲಕ್ಕೂ ಮುಂಚೆ ಅಲಾರಂ

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಂಥ್ರಸೈಟ್‌ನಲ್ಲಿ ಹೊಗೆಯೂ ಇಲ್ಲದ್ದರಿಂದ ಸೌದೆ ಒಲೆಯ ಹಾಗೆ ಕಣ್ಣುರಿ, ಕೆಮ್ಮು ಎಚ್ಚರಿಸುವುದಿಲ್ಲ. ಬೇಸ್‌ಮೆಂಟಿನಲ್ಲಿ ಒಂದು, ಪ್ರತಿ ಅಂತಸ್ತಿನಲ್ಲಿ ಒಂದು, ಮಲಗುವ ಕೋಣೆಗಳ ಹತ್ತಿರ ಒಂದು ಅಲಾರಂ ಇರಲೇಬೇಕು. ಅಂಕಿ ತೋರಿಸುವಂಥದ್ದನ್ನೇ ತನ್ನಿ. ಸಾಮಾನ್ಯ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ವಿಷಗಾಳಿ ಇದ್ದರೂ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳುವಂತೆ ಮಾಡಿರುತ್ತಾರೆ. ಅಂಕಿ ತೋರಿಸುವುದಾದರೆ ಅದಕ್ಕೆ ಮುಂಚೆಯೇ ನಿಮಗೆ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಫ್ಲೂ ಅಂದುಕೊಂಡು ಮಲಗಬೇಡಿ. ಹೊರಗೆ ಬಂದು 911ಕ್ಕೆ ಕರೆ ಮಾಡಿ. ಮುಂದೆ ಹೇಳುವ ಯಾವ ಉಪಾಯವನ್ನೂ ಅಲಾರಂ ಹಾಕದೆ ಮಾಡಬೇಡಿ.

ಮೊದಲ ಹೆಜ್ಜೆ: ಅಳೆಯಿರಿ

ಕೋಣೆಯ ಶಾಖ ತೋರಿಸುವ ಅಗ್ಗದ ಥರ್ಮಾಮೀಟರ್ ಮೂರು, ಕಬ್ಬಿಣಕ್ಕೆ ಅಂಟುವ ಮ್ಯಾಗ್ನೆಟ್ ಥರ್ಮಾಮೀಟರ್ ಎರಡು ಸಾಕು. ಮೊದಲನೆಯವನ್ನು ಬೇಸ್‌ಮೆಂಟ್, ಹಾಲ್, ಮಹಡಿಯ ಮಲಗುವ ಕೋಣೆಯಲ್ಲಿಡಿ. ಮ್ಯಾಗ್ನೆಟ್‌ನವುಗಳಲ್ಲಿ ಒಂದು ಸ್ಟವ್‌ನ ಮೈಮೇಲೆ, ಇನ್ನೊಂದು ಹೊಗೆಕೊಳವೆಯ ಮೇಲೆ, ಸ್ಟವ್‌ನಿಂದ ಒಂದೂವರೆ ಅಡಿ ದೂರದಲ್ಲಿ. ಎರಡು ದಿನ ಬೆಳಿಗ್ಗೆ, ಸಂಜೆ ಬರೆದಿಟ್ಟುಕೊಳ್ಳಿ. ಎಷ್ಟು ಪೌಂಡ್ ಕಲ್ಲಿದ್ದಲು ಹಾಕಿದಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಬೇಸ್‌ಮೆಂಟ್ 85 ಡಿಗ್ರಿ ಫ್ಯಾರನ್‌ಹೀಟ್ (29 ಸೆಲ್ಸಿಯಸ್), ಹಾಲ್ 62 (17) ಇದ್ದರೆ ಸ್ಟವ್ ತನ್ನ ಕೆಲಸ ಮಾಡುತ್ತಿದೆ, ಶಾಖಕ್ಕೆ ಮೇಲೇರುವ ದಾರಿ ಇಲ್ಲ. ಬೇಸ್‌ಮೆಂಟೇ 65 ದಾಟದೆ ಸ್ಟವ್‌ನ ಮೈ ಮಾತ್ರ 500 ಡಿಗ್ರಿ ತೋರಿಸುತ್ತಿದ್ದರೆ ಶಾಖವನ್ನು ಗೋಡೆಗಳು ನುಂಗುತ್ತಿವೆ. ಸ್ಟವ್‌ನ ಮೈ 250ರ ಆಸುಪಾಸಿನಲ್ಲೇ ಇದ್ದರೆ ಬೆಂಕಿಯೇ ಸರಿಯಿಲ್ಲ. ಸ್ಟವ್‌ಗೂ ಕೊಳವೆಗೂ ಹೆಚ್ಚು ವ್ಯತ್ಯಾಸವೇ ಇಲ್ಲದೆ ಎರಡೂ ಕಾದಿದ್ದರೆ ನಿಮ್ಮ ದುಡ್ಡು ಚಿಮಣಿಯಲ್ಲಿ ಹೋಗುತ್ತಿದೆ. ಚೆನ್ನಾಗಿ ಉರಿಯುವ ಆಂಥ್ರಸೈಟ್ ಸ್ಟವ್‌ನ ಮೈ ಕೊರೆಯುವ ಚಳಿಯಲ್ಲಿ 400ರಿಂದ 600 ಇರುತ್ತದೆ, ಕೊಳವೆ ಅದರ ಅರ್ಧಕ್ಕೂ ಕಡಿಮೆ, ಸಾಮಾನ್ಯವಾಗಿ 150–250. ಈ ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ತಿಳಿದ ಮೇಲೆಯೇ ಮುಂದಿನ ಕೆಲಸ.

ಎರಡನೆಯದು: ಮನೆಗೆ ಬೇಕಾದ್ದೆಷ್ಟು, ಸ್ಟವ್ ಕೊಡುವುದೆಷ್ಟು

ಒಂದು ಪೌಂಡ್ ಆಂಥ್ರಸೈಟ್‌ನಲ್ಲಿ ಸುಮಾರು 12,500 ಬಿಟಿಯು (ಶಾಖ ಅಳೆಯುವ ಇಲ್ಲಿನ ಮಾನ) ಶಾಖವಿದೆ. ಅದರಲ್ಲಿ ಶೇ. 70 ಮನೆಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. 40 ಪೌಂಡಿನ ಒಂದು ಚೀಲವನ್ನು 24 ಗಂಟೆಯಲ್ಲಿ ಉರಿಸಿದರೆ ಗಂಟೆಗೆ ಹತ್ತಿರಹತ್ತಿರ 14,600 ಬಿಟಿಯು. ಅಂದರೆ 1,500 ವಾಟ್‌ನ ಮೂರು ಕರೆಂಟ್ ಹೀಟರ್ ಹಗಲೂ ರಾತ್ರಿ ಓಡಿಸಿದಷ್ಟೂ ಇಲ್ಲ. ಹಳೆಯ, ಸಂದುಗೊಂದು ಹೆಚ್ಚಿರುವ ಎರಡಂತಸ್ತಿನ ಮನೆಗೆ ಜನವರಿಯ ರಾತ್ರಿಯಲ್ಲಿ ಗಂಟೆಗೆ 40,000 ಬಿಟಿಯು ಬೇಕಾಗುವುದು ದೊಡ್ಡ ಮಾತಲ್ಲ. "ದಿನಕ್ಕೆ ಒಂದು ಚೀಲ ಹಾಕ್ತೀನಿ, ಆದರೂ ಚಳಿ" ಅನ್ನುವವರು ಈ ಗುಣಾಕಾರ ಮಾಡಿ ನೋಡಬೇಕು. ದೋಷ ಸ್ಟವ್‌ನದಲ್ಲ, ಹಾಕಿದ್ದೇ ಕಡಿಮೆ.

ಸ್ಟವ್‌ನ ಪಟ್ಟಿಯ ಮೇಲೆ ಬರೆದಿರುವ ಬಿಟಿಯು ಅಂಕಿಯನ್ನು ನಾನು ನಂಬುವುದಿಲ್ಲ. ಅದು ಪೂರ್ತಿ ಗಾಳಿ ಬಿಟ್ಟು, ಮತ್ತೆ ಮತ್ತೆ ತುಂಬಿದಾಗಿನ ಮಾತು. ನಾವು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ತುಂಬುವವರು. ಗೂಡಿನಲ್ಲಿ 50 ಪೌಂಡ್ ಹಿಡಿಯುವ ಸ್ಟವ್ ಆದರೆ ದಿನಕ್ಕೆ 100 ಪೌಂಡ್ ಮೀರದು. ಅದರಿಂದ ಗಂಟೆಗೆ ಸಿಗುವುದು ಸುಮಾರು 36,000 ಬಿಟಿಯು. ಅಷ್ಟೇ ಅದರ ಕೈಲಾಗುವುದು.

ಹಿಂದಿನ ಮಾಲೀಕರು ಆಯಿಲ್ ಫರ್ನೇಸ್ ಬಳಸುತ್ತಿದ್ದರೆ ಹಳೆಯ ಬಿಲ್ಲುಗಳಿಂದ ಇನ್ನೂ ನಿಖರವಾದ ಲೆಕ್ಕ ಸಿಗುತ್ತದೆ. ಒಂದು ಗ್ಯಾಲನ್ ಹೀಟಿಂಗ್ ಆಯಿಲ್‌ನಲ್ಲಿ 1,38,500 ಬಿಟಿಯು. ಚಳಿಗಾಲಕ್ಕೆ 800 ಗ್ಯಾಲನ್ ಆಗುತ್ತಿತ್ತು, ಫರ್ನೇಸ್ ಶೇ. 80 ಕೊಡುತ್ತಿತ್ತು ಅಂದರೆ ಮನೆ ತಿಂದದ್ದು ಸುಮಾರು 8.9 ಕೋಟಿ ಬಿಟಿಯು. ಇಲ್ಲಿನ ಟನ್ 2,000 ಪೌಂಡಿನದು; ಒಂದು ಟನ್ ಕಲ್ಲಿದ್ದಲು ಶೇ. 70ರ ಲೆಕ್ಕದಲ್ಲಿ 1.75 ಕೋಟಿ ಬಿಟಿಯು ಕೊಡುತ್ತದೆ. ಅಲ್ಲಿಗೆ ಐದು ಟನ್. ನೀವು ಎರಡೇ ಟನ್ ತರಿಸಿದ್ದರೆ ಫೆಬ್ರವರಿಯಲ್ಲಿ ನಡುಗುವುದು ಖಚಿತ.

ಮೂರನೆಯದು: ಬೆಂಕಿ

ಹೆಚ್ಚು ಜನ ಎಡವುವುದು ಇಲ್ಲೇ. ಅದಕ್ಕೆ ಕಾರಣ ನಮ್ಮ ಕೈಗಂಟಿದ ಸೌದೆ ಒಲೆಯ ಅಭ್ಯಾಸ. ಬಚ್ಚಲ ಹಂಡೆ ಒಲೆಯಲ್ಲಿ ಉರಿ ಕುಗ್ಗಿದರೆ ಕೊಳ್ಳಿ ಮುಂದಕ್ಕೆ ತಳ್ಳಿ, ಕೆಂಡ ಕೆದಕಿ, ಊದುಕೊಳವೆಯಲ್ಲಿ ಊದುತ್ತೇವೆ. ಆಂಥ್ರಸೈಟ್ ಮುಂದೆ ಇವು ಯಾವುವೂ ನಡೆಯುವುದಿಲ್ಲ. ಅದರಲ್ಲಿ ಶೇ. 86ಕ್ಕಿಂತ ಹೆಚ್ಚು ಬರೀ ಕಾರ್ಬನ್. ಸೌದೆಯ ಹಾಗೆ ಅನಿಲ ಬಿಟ್ಟು ಭಗ್ಗೆಂದು ಉರಿಯುವ ಅಂಶ ತೀರಾ ಕಡಿಮೆ. ಉರಿಯಬೇಕಾದರೆ ಆಳವಾದ ಹಾಸು ಬೇಕು, ಗಾಳಿ ಕೆಳಗಿನಿಂದಲೇ ಬರಬೇಕು, ಅದನ್ನು ಅದರ ಪಾಡಿಗೆ ಬಿಡಬೇಕು.

ಇದು ಇಲ್ಲಿನವರಿಗೂ ಸುಲಭಕ್ಕೆ ತಿಳಿದ ವಿದ್ಯೆಯಲ್ಲ. ತಿದಿ ಒತ್ತದೆ ಈ ಕಲ್ಲು ಮನೆಯೊಲೆಯಲ್ಲಿ ಉರಿಯುವುದಿಲ್ಲ ಅಂತಲೇ ಬಹಳ ಜನ ನಂಬಿದ್ದರು. ವಿಲ್ಕ್ಸ್‌ಬ್ಯಾರಿಯಲ್ಲಿ ಛತ್ರ ನಡೆಸುತ್ತಿದ್ದ ಜೆಸ್ಸಿ ಫೆಲ್ ಎಂಬ ನ್ಯಾಯಾಧೀಶರು 1808ರ ಫೆಬ್ರವರಿ 11ರಂದು ಕಬ್ಬಿಣದ ಸರಳಿನ ತೆರೆದ ಜಾಲರಿ ಮೇಲೆ ಅದನ್ನು ಉರಿಸಿ ತೋರಿಸಿದರು. ಜಾಲರಿಯ ಸಂದಿನಿಂದ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗಿತು, ಅಷ್ಟೇ ಗುಟ್ಟು. ಇವತ್ತಿನ ಸ್ಟವ್‌ನ ಜಾಲರಿಯೂ ಅದೇ ತತ್ತ್ವದ್ದು. ಆ ಸಂದುಗಳು ಬೂದಿಯಿಂದ ಮುಚ್ಚಿದರೆ ಬೇರೇನು ಮಾಡಿಯೂ ಶಾಖ ಬರದು.

ಸರಿಯಾದ ಗಾತ್ರದ ಕಲ್ಲಿದ್ದಲು ತನ್ನಿ. ಕೈಯಿಂದ ತುಂಬುವ ಸ್ಟವ್‌ಗೆ ಸಾಮಾನ್ಯವಾಗಿ ನಟ್ ಗಾತ್ರದ್ದು, ಸರಿಸುಮಾರು ಒಂದರಿಂದ ಒಂದೂವರೆ ಇಂಚಿನ ತುಂಡು. ಅದಕ್ಕಿಂತ ಸಣ್ಣದು ಪೀ. ಗಾಳಿ ನಿಧಾನಕ್ಕೆ ಹಾಯುವುದರಿಂದ ಅಕ್ಟೋಬರ್, ಏಪ್ರಿಲ್‌ನ ಹದ ಚಳಿಗೆ ಒಳ್ಳೆಯದು. ರೈಸ್ ಗಾತ್ರ ಸ್ಟೋಕರ್‌ಗೆ ಮಾತ್ರ. ಕೈಸ್ಟವ್‌ಗೆ ಹಾಕಿದರೆ ಜಾಲರಿಯಿಂದ ಉದುರಿ ಬೂದಿ ತಟ್ಟೆ ಸೇರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಿಟುಮಿನಸ್, ಅಂದರೆ ಮೆದು ಕಲ್ಲಿದ್ದಲು ತರಬೇಡಿ. ಅದು ಮಸಿ, ಹೊಗೆ ಕಾರುತ್ತದೆ, ಉರಿಸುವ ಕ್ರಮವೇ ಬೇರೆ.

ಹೊತ್ತಿಸುವಾಗ ಪೇಪರ್, ಸಣ್ಣ ಸೌದೆ, ಅದರ ಮೇಲೆ ಬೆರಳು ದಪ್ಪದ ಗಟ್ಟಿಮರದ ಸೀಳು. ಸೌದೆ ಕೆಂಡವಾಗಿ ಹಾಸಿನಂತೆ ಹರಡಿಕೊಂಡ ಮೇಲೆ ಎರಡು ಮುಷ್ಟಿಯಷ್ಟು ಕಲ್ಲಿದ್ದಲು ಚೆಲ್ಲಿ. ಟಣ್ ಟಣ್ ಎಂದು ಸಿಡಿಯುವ ಸದ್ದು ಕೇಳುತ್ತದೆ, ಅದು ಸಹಜ. ಅದು ಕೆಂಪಾದ ಮೇಲೆ ಇನ್ನೊಂದು ಪದರ, ಹಾಗೆ ಮೇಲೇರಿ. ಅವಸರದಲ್ಲಿ ಒಂದೇ ಸಲ ಬಕೆಟ್ ಸುರಿದರೆ ಉಸಿರುಗಟ್ಟಿ ಆರುತ್ತದೆ. ಕೊನೆಗೆ ಗೂಡಿನ ಒಳಗೋಡೆಯ ಬೆಂಕಿಇಟ್ಟಿಗೆಯ ಮೇಲಂಚಿನ ತನಕ ತುಂಬಿ, ಹಿಂಬದಿಗೆ ಸ್ವಲ್ಪ ಏರು ಇರಲಿ. ಅರ್ಧ ಗೂಡಿನ ಬೆಂಕಿ ಮಿತವ್ಯಯವಲ್ಲ. ತೆಳು ಹಾಸಿನ ಆಂಥ್ರಸೈಟ್ ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಶಾಖ ಕಡಿಮೆ ಬೇಕಾದರೆ ಗಾಳಿ ಕಡಿಮೆ ಮಾಡಿ, ಕಲ್ಲಿದ್ದಲನ್ನಲ್ಲ.

ಇನ್ನು ದಿನಕ್ಕೆರಡು ಸಲದ ಆರೈಕೆ. ಮೊದಲು ಬೆಂಕಿಯನ್ನು ನೋಡಿ. ಹಾಸು ಕೆಂಪಗೆ ನಿಗಿನಿಗಿ ಇದ್ದರೆ ಕೆಳಗಿನ ಗಾಳಿಬಾಯಿ ಪೂರ್ತಿ ತೆರೆದು ಕೆಲವು ನಿಮಿಷ ಬಿಡಿ, ಉರಿ ಚುರುಕಾಗಲಿ. ಆಮೇಲೆ ಶೇಕರ್ ಹಿಡಿ ಹಾಕಿ ಜಾಲರಿಯನ್ನು ಚಿಕ್ಕ ಚಿಕ್ಕ ಎಳೆತದಲ್ಲಿ ಅಲ್ಲಾಡಿಸಿ. ಒಮ್ಮೆಲೇ ಉದ್ದಕ್ಕೆ ಎಳೆದರೆ ಉರಿಯದ ತುಂಡು ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಿಯ ತನಕ ಅಲ್ಲಾಡಿಸಬೇಕು? ಬೂದಿ ತಟ್ಟೆಯ ಮೇಲೆ ಜಾಲರಿಯಿಂದ ಕೆಂಪು ಬೆಳಕು ಉದ್ದಗಲಕ್ಕೂ ಒಂದೇ ಸಮ ಬೀಳುವ ತನಕ, ಒಂದೆರಡು ಸಣ್ಣ ಕೆಂಡ ಉದುರುವ ತನಕ. ಮೂಲೆಯಲ್ಲಿ ಕತ್ತಲು ಉಳಿದಿದ್ದರೆ ಅಲ್ಲಿ ಬೂದಿ ಕಟ್ಟಿದೆ ಎಂದರ್ಥ. ಚಪ್ಪಟೆ ತುದಿಯ ಸಲಾಕೆಯನ್ನು ಜಾಲರಿಯ ಕೆಳಗಿನಿಂದ ಆಡಿಸಿ ಬಿಡಿಸಿ. ಮೇಲಿನಿಂದ ಕೆದಕಲೇಬೇಡಿ. ಕೆದಕಿದರೆ ಬೂದಿ ಕೆಂಡದೊಳಕ್ಕೆ ಸೇರಿ ಕರಗಿ ಕಿಟ್ಟ ಕಟ್ಟುತ್ತದೆ, ಆ ಕಿಟ್ಟದ ಗಟ್ಟಿ ಜಾಲರಿಯಿಂದ ಇಳಿಯುವುದೇ ಇಲ್ಲ.

ಬೆಂಕಿ ಮಂಕಾಗಿದ್ದಾಗ ಮಾತ್ರ ಕ್ರಮ ತಿರುಗುಮುರುಗು. ಅಲ್ಲಾಡಿಸಬೇಡಿ. ಇರುವ ಕೆಂಡದ ಮೇಲೆ ತೆಳ್ಳಗೆ ಒಂದು ಪದರ ಹಾಕಿ, ಗಾಳಿ ಕೊಟ್ಟು, ಅದು ಹತ್ತಿಕೊಂಡ ಮೇಲೆ ಅಲ್ಲಾಡಿಸಿ. ಮಂಕು ಬೆಂಕಿಯನ್ನು ಅಲ್ಲಾಡಿಸಿದರೆ ಉಳಿದ ಶಾಖವೂ ತಟ್ಟೆಗೆ ಬಿದ್ದು ಬೆಂಕಿ ಸತ್ತೇ ಹೋಗುತ್ತದೆ.

ತುಂಬುವಾಗ ಒಂದು ಮೂಲೆಯ ಕೆಂಡವನ್ನು ಮುಚ್ಚದೆ ಬಿಡಿ. ಹೊಸ ಕಲ್ಲಿದ್ದಲಿನಿಂದ ಏಳುವ ಅನಿಲ ಆ ಕೆಂಡಕ್ಕೆ ತಾಗಿ ಹೊತ್ತಿಕೊಂಡು ಮೇಲ್ಮೈಯಲ್ಲಿ ನೀಲಿ ಜ್ವಾಲೆಗಳು ಕುಣಿಯುತ್ತವೆ. ಎಲ್ಲವನ್ನೂ ಮುಚ್ಚಿಬಿಟ್ಟರೆ ಅನಿಲ ಗೂಡಿನಲ್ಲಿ ತುಂಬಿಕೊಂಡು, ಆಮೇಲೆ ಎಲ್ಲೋ ಒಂದು ಕಿಡಿ ಮೇಲೆದ್ದಾಗ ಧಡ್ ಎಂದು ಹೊಡೆಯುತ್ತದೆ. ಕೊಳವೆಯ ಕೀಲು ಬಿಚ್ಚುವಷ್ಟು ಜೋರಾಗಿಯೂ ಹೊಡೆಯಬಹುದು. ಅದಕ್ಕೇ ಬಾಗಿಲನ್ನು ಯಾವಾಗಲೂ ಮೊದಲು ಒಂದು ಬೆರಳಷ್ಟು ತೆರೆದು, ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ತೆರೆಯಬೇಕು. ನೀಲಿ ಜ್ವಾಲೆ ನೆಲೆಯಾದ ಮೇಲಷ್ಟೇ ಗಾಳಿಬಾಯಿಯನ್ನು ರಾತ್ರಿಯ ಮಟ್ಟಕ್ಕೆ ಇಳಿಸಿ.

ಎರಡು ಕಟ್ಟುನಿಟ್ಟು. ಬೂದಿ ತಟ್ಟೆಯ ಬಾಗಿಲನ್ನು ತೆರೆದಿಟ್ಟು ಮೇಲೆ ಕಾಫಿ ಕುಡಿಯಲು ಹೋಗಬೇಡಿ. ಕುಲುಮೆಯಂತೆ ಗಾಳಿ ನುಗ್ಗಿ ಕಬ್ಬಿಣವೇ ಕೆಂಪಾಗುತ್ತದೆ. ಹಾಗೇ ತಟ್ಟೆಯನ್ನು ದಿನವೂ ಖಾಲಿ ಮಾಡಿ. ಬೂದಿಯ ಗುಡ್ಡೆ ಜಾಲರಿಯನ್ನು ಮುಟ್ಟಿದರೆ ತಂಪು ಮಾಡುವ ಗಾಳಿ ಇಲ್ಲದೆ ಜಾಲರಿ ಸೊಟ್ಟಗಾಗುತ್ತದೆ. ತೆಗೆದ ಬೂದಿ ಮುಚ್ಚಳದ ಲೋಹದ ಡಬ್ಬಿಯಲ್ಲಿ, ಮನೆಯ ಹೊರಗೆ, ಮರದ ಜಗುಲಿಯ ಮೇಲಲ್ಲದೆ ನೆಲದ ಮೇಲಿರಲಿ. ಒಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ನಾಲ್ಕನೆಯದು: ಚಿಮಣಿಯ ಸೆಳೆತ

ಬೆಂಕಿಗೆ ಗಾಳಿ ಕೊಡುವುದು ಚಿಮಣಿ. ಅದರ ಸೆಳೆತವನ್ನು ಅಳೆಯುವ ಮ್ಯಾನೋಮೀಟರ್ ಒಂದನ್ನು ಕೊಂಡು ಸ್ಟವ್ ಪಕ್ಕದ ಗೋಡೆಗೆ ತಗುಲಿಸಿ. ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ. ಅಳತೆ ನೀರಿನ ಇಂಚಿನಲ್ಲಿರುತ್ತದೆ. ಕೈಸ್ಟವ್‌ಗೆ ಸಾಮಾನ್ಯವಾಗಿ 0.04ರಿಂದ 0.06 ಇಂಚು ಬೇಕು, ನಿಮ್ಮ ಸ್ಟವ್‌ನ ಕೈಪಿಡಿ ಹೇಳುವುದೇ ಅಂತಿಮ. ಅದಕ್ಕಿಂತ ಕಡಿಮೆಯಾದರೆ ಬೆಂಕಿ ಮಂಕು, ಅನಿಲ ಮನೆಯೊಳಗೆ ಬರುವ ಅಪಾಯ. ಹೆಚ್ಚಾದರೆ ಶಾಖ ಮೇಲಕ್ಕೆ ಓಟ. ಗಾಳಿ ಬೀಸುವ ರಾತ್ರಿ ಸೆಳೆತ ತಾನೇ ಏರುವುದರಿಂದ ಕೊಳವೆಗೆ ಬ್ಯಾರೊಮೆಟ್ರಿಕ್ ಡ್ಯಾಂಪರ್ ಹಾಕಿಸುತ್ತಾರೆ. ಸೆಳೆತ ಹೆಚ್ಚಾದಾಗ ಅದರ ತೂಗುಬಾಗಿಲು ತೆರೆದುಕೊಂಡು ಬೇಸ್‌ಮೆಂಟಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಬೆಂಕಿಯ ಮೇಲಿನ ಸೆಳೆತ ಹಿಡಿತದಲ್ಲಿರುತ್ತದೆ. ಮ್ಯಾನೋಮೀಟರಿನ ನಳಿಕೆ ಸ್ಟವ್‌ಗೂ ಆ ಡ್ಯಾಂಪರ್‌ಗೂ ನಡುವೆ ಇರಬೇಕು.

ಸೆಳೆತ ಕಡಿಮೆಯಿದ್ದರೆ ಮೊದಲು ಹಾರುಬೂದಿ ನೋಡಿ. ಆಂಥ್ರಸೈಟ್‌ನಿಂದ ಸೌದೆಯಂತೆ ಚಿಮಣಿಗೆ ಟಾರು ಅಂಟುವುದಿಲ್ಲ, ನಿಜ. ಆದರೆ ಹಿಟ್ಟಿನಂಥ ಬೂದಿ ಅಡ್ಡಕೊಳವೆಯಲ್ಲಿ, ಮೊಣಕೈ ತಿರುವಿನಲ್ಲಿ, ಚಿಮಣಿಯ ಬುಡದಲ್ಲಿ ಸದ್ದಿಲ್ಲದೆ ಕೂರುತ್ತದೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಉರಿದದ್ದು ಫೆಬ್ರವರಿಯಲ್ಲಿ ಸೊರಗಿದರೆ ಹೆಚ್ಚಾಗಿ ಇದೇ ಕಾರಣ. ಆಮೇಲೆ ಚಿಮಣಿಯ ಬುಡದ ಸಣ್ಣ ಬಾಗಿಲು. ಅದು ಬಿಗಿಯಾಗಿ ಮುಚ್ಚದಿದ್ದರೆ ತಣ್ಣನೆ ಗಾಳಿ ಅಲ್ಲಿಂದಲೇ ಹೋಗುತ್ತದೆ, ಬೆಂಕಿಗೆ ಬರುವುದಿಲ್ಲ. ಸ್ಟವ್ ಬಾಗಿಲಿನ ಹಗ್ಗದಂಥ ಗ್ಯಾಸ್ಕೆಟ್ ಪರೀಕ್ಷಿಸಲು ಸ್ಟವ್ ತಣ್ಣಗಿದ್ದಾಗ ಒಂದು ಡಾಲರ್ ನೋಟನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಹೊರಗೆ, ಚಿಮಣಿ ಸೂರನ್ನು ದಾಟಿ ಕನಿಷ್ಠ ಮೂರು ಅಡಿ, ಹತ್ತು ಅಡಿಯೊಳಗೆ ಇರುವ ಯಾವುದಕ್ಕಿಂತಲೂ ಎರಡು ಅಡಿ ಎತ್ತರ ಇರಬೇಕು ಎನ್ನುವುದು ನಿಯಮ.

ಇನ್ನೊಂದು ಕಾರಣ ನಮ್ಮ ಅಡುಗೆಮನೆಯಲ್ಲಿದೆ. ಒಗ್ಗರಣೆಯ ಘಾಟು ಹೋಗಲೆಂದು ನಮ್ಮವರು ನಿಮಿಷಕ್ಕೆ 400 ಘನ ಅಡಿ, ಅದಕ್ಕೂ ಮೇಲೆ ಗಾಳಿ ಎಳೆಯುವ ಹುಡ್ ಹಾಕಿಸಿಕೊಳ್ಳುತ್ತೇವೆ. ಆ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ. ಕಿಟಕಿ ಬಾಗಿಲೆಲ್ಲ ಬಿಗಿಯಾಗಿದ್ದರೆ ಅದಕ್ಕೆ ಸುಲಭದ ದಾರಿ ಬೇಸ್‌ಮೆಂಟಿನ ಚಿಮಣಿ. ಅಲ್ಲಿಂದ ಕೆಳಮುಖವಾಗಿ, ಕಾರ್ಬನ್ ಮಾನಾಕ್ಸೈಡ್ ಸಮೇತ. ಬಟ್ಟೆ ಒಣಗಿಸುವ ಡ್ರೈಯರ್ ಕೂಡ ಬೇಸ್‌ಮೆಂಟಿನಲ್ಲೇ ಇದ್ದರೆ ಅದರದ್ದೂ ಇದೇ ಕಾರುಬಾರು. ಹುಡ್, ಡ್ರೈಯರ್, ಬಾತ್‌ರೂಮ್ ಫ್ಯಾನ್ ಎಲ್ಲ ಒಟ್ಟಿಗೆ ಹಾಕಿ ಮ್ಯಾನೋಮೀಟರ್ ನೋಡಿ. ಮುಳ್ಳು ಕುಸಿದರೆ ಸ್ಟವ್ ಹತ್ತಿರಕ್ಕೆ ಹೊರಗಿನ ಗಾಳಿ ತರುವ ಕೊಳವೆ ಹಾಕಿಸಬೇಕು. ಅಲ್ಲಿಯ ತನಕ ಹುಡ್ ಹಾಕಿದಾಗೆಲ್ಲ ಅಡುಗೆಮನೆ ಕಿಟಕಿ ತೆರೆದಿರಲಿ.

ಐದನೆಯದು: ಗೋಡೆ

ಎಂಟು ಇಂಚಿನ ಬರಿಯ ಕಾಂಕ್ರೀಟ್ ಗೋಡೆಗೆ ಶಾಖ ತಡೆಯುವ ಶಕ್ತಿ ಇನ್ಸುಲೇಶನ್ ಲೆಕ್ಕದಲ್ಲಿ ಆರ್-1ರ ಆಸುಪಾಸು. ಎರಡು ಇಂಚಿನ ಎಕ್ಸ್‌ಪಿಎಸ್ ಫೋಮ್ ಹಲಗೆಗೆ ಆರ್-10. ನೆಲಮಟ್ಟಕ್ಕಿಂತ ಮೇಲಿರುವ ಒಂದೆರಡು ಅಡಿ ಗೋಡೆಯಂತೂ ನೇರ ಚಳಿಗೆ ಮೈಯೊಡ್ಡಿ ನಿಂತಿರುತ್ತದೆ. ಸ್ಟವ್ ಹಗಲಿರುಳು ಕಾಯಿಸುವುದು ಪೆನ್ಸಿಲ್ವೇನಿಯಾದ ಮಣ್ಣನ್ನು. ಫ್ಯಾನ್‌ಗೆ ದುಡ್ಡು ಹಾಕುವ ಮುಂಚೆ ಫೋಮ್‌ಗೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಫ್ಯಾನ್ ತರುವುದು ಹತ್ತು ನಿಮಿಷದ ಕೆಲಸ ನೋಡಿ.

ಮೊದಲು ರಿಮ್ ಜಾಯ್ಸ್ಟ್, ಅಂದರೆ ಅಡಿಪಾಯದ ಗೋಡೆಯ ಮೇಲೆ ಮನೆಯ ಮರದ ಚೌಕಟ್ಟು ಕೂರುವ ಜಾಗ. ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಚ್ಚಿ ಆ ಅಂಚಿನುದ್ದಕ್ಕೂ ನಿಧಾನಕ್ಕೆ ಹಿಡಿದು ನಡೆಯಿರಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ತಟ್ಟನೆ ಒಳಮುಖವಾಗಿ ಅಡ್ಡ ಬಿದ್ದರೆ ಅಲ್ಲಿ ಸಂದಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ತೊಲೆಗಳ ನಡುವಿನ ಪ್ರತಿ ಗೂಡಿಗೂ ಫೋಮ್ ತುಂಡು ಕತ್ತರಿಸಿ ಕೂರಿಸಿ, ಸುತ್ತ ಸ್ಪ್ರೇ ಫೋಮ್ ತುಂಬಿ. ಒಂದು ವಾರಾಂತ್ಯದ ಕೆಲಸ, ಅದೇ ವಾರ ವ್ಯತ್ಯಾಸ ಗೊತ್ತಾಗುತ್ತದೆ. ಗೋಡೆಗೆ ಫೋಮ್ ಹಾಕಿದರೆ ಮೇಲೆ ಅರ್ಧ ಇಂಚಿನ ಡ್ರೈವಾಲ್ ಕಡ್ಡಾಯ, ಬರೀ ಫೋಮ್ ಬೆಂಕಿಗೆ ತುತ್ತು. ಸ್ಟವ್‌ನಿಂದ 36 ಇಂಚು, ಒಂಟಿ ತಗಡಿನ ಕೊಳವೆಯಿಂದ 18 ಇಂಚಿನೊಳಗೆ ಹತ್ತಿಕೊಳ್ಳುವ ಯಾವ ವಸ್ತುವೂ ಬೇಡ. ಸ್ಟವ್ ಪಕ್ಕ ಹಗ್ಗ ಕಟ್ಟಿ ಬಟ್ಟೆ ಒಣಹಾಕುವವರಿಗೂ ಈ ಮಾತು. ಗೋಡೆಯಲ್ಲಿ ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಕಲ್ಲಿನ ಅಡಿಪಾಯದ ಹಳೇ ಮನೆಯಾದರೆ ತಾಳ್ಮೆ ಬೇಕು. ಆ ಗೋಡೆಗಳು ಕಾಯಲು ದಿನಗಳೇ ಹಿಡಿಯುತ್ತವೆ. ಮೊದಲ ರಾತ್ರಿಯ ಅಂಕಿ ನೋಡಿ ಸ್ಟವ್‌ಗೆ ಬೈಯಬೇಡಿ.

ಅಟ್ಟವನ್ನೂ ನೋಡಿ. ಬೇಸ್‌ಮೆಂಟಿನ ಮಾತಿಗೆ ಅಟ್ಟ ಏಕೆ ಅಂದರೆ, ಅಟ್ಟದ ಮುಚ್ಚಳ, ಲೈಟಿನ ತೂತುಗಳಿಂದ ಬಿಸಿ ಗಾಳಿ ಸೋರುವ ಮನೆ ತಾನೇ ಒಂದು ಚಿಮಣಿಯಾಗುತ್ತದೆ. ಮೇಲಿಂದ ಗಾಳಿ ಹೋದಷ್ಟೂ ಬೇಸ್‌ಮೆಂಟಿನಲ್ಲಿ ಒತ್ತಡ ಇಳಿದು ಸ್ಟವ್‌ನ ಚಿಮಣಿಯೊಂದಿಗೆ ಹಗ್ಗಜಗ್ಗಾಟ ಶುರು. ಅಟ್ಟದ ಸಂದು ಮುಚ್ಚಿದರೆ ಕೋಣೆಯೂ ಬೆಚ್ಚಗೆ, ಸೆಳೆತವೂ ಗಟ್ಟಿ.

ಆರನೆಯದು: ಶಾಖಕ್ಕೆ ಮೆಟ್ಟಿಲು

ಬಿಸಿ ಗಾಳಿ ಮೇಲೇರುತ್ತದೆ ಅನ್ನುವುದು ಅರ್ಧ ಸತ್ಯ. ಅಷ್ಟೇ ತಣ್ಣನೆ ಗಾಳಿ ಕೆಳಗಿಳಿಯದಿದ್ದರೆ ಅದು ಏರುವುದಿಲ್ಲ, ಬೇಸ್‌ಮೆಂಟಿನ ಸೂರಿಗೆ ಅಂಟಿಕೊಂಡು ನಿಲ್ಲುತ್ತದೆ. ಎಲ್ಲರೂ ಬಿಸಿಯನ್ನು ಮೇಲೆ ತಳ್ಳಲು ನೋಡುತ್ತಾರೆ, ತಣ್ಣನೆಯದಕ್ಕೆ ಇಳಿಯುವ ದಾರಿ ಮಾಡುವುದಿಲ್ಲ.

ಮತ್ತೆ ಊದುಬತ್ತಿ. ಬೇಸ್‌ಮೆಂಟ್ ಮೆಟ್ಟಿಲಿನ ಬಾಗಿಲು ತೆರೆದು ಚೌಕಟ್ಟಿನ ಮೇಲ್ಭಾಗದಲ್ಲಿ ಹಿಡಿಯಿರಿ, ಹೊಗೆ ಹಾಲ್ ಕಡೆ ಹೋಗಬೇಕು. ನೆಲದ ಹತ್ತಿರ ಹಿಡಿಯಿರಿ, ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಹೀಗಾದರೆ ಸುತ್ತು ಕೂಡಿದೆ. ಎರಡೂ ಕಡೆ ಹೊಗೆ ಸುಮ್ಮನೆ ನಿಂತರೆ ಒಂದು ಸಣ್ಣ ಫ್ಯಾನನ್ನು ಮೇಲಿನ ಬಾಗಿಲಿನ ಹತ್ತಿರ ನೆಲದ ಮೇಲೆ, ಮುಖ ಕೆಳಗಿನ ಮೆಟ್ಟಿಲ ಕಡೆ ಮಾಡಿ, ಕಡಿಮೆ ವೇಗದಲ್ಲಿಡಿ. ತಣ್ಣನೆ ಗಾಳಿ ಭಾರ, ತಳ್ಳಿದರೆ ಇಳಿಯುತ್ತದೆ. ಅದರ ಜಾಗಕ್ಕೆ ಬಿಸಿ ಗಾಳಿ ಬಾಗಿಲಿನ ಮೇಲರ್ಧದಿಂದ ತಾನೇ ಬರುತ್ತದೆ. ಕೆಳಗಿಂದ ಮೇಲೆ ಊದುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಸದ್ದೂ ಕಡಿಮೆ.

ಮೆಟ್ಟಿಲು ಒಂದು ಮೂಲೆಯಲ್ಲಿ, ಸ್ಟವ್ ಇನ್ನೊಂದು ಮೂಲೆಯಲ್ಲಿದ್ದರೆ ನೆಲದಲ್ಲಿ ಜಾಲಿಕಿಂಡಿ ಕೊರೆಸಬೇಕಾಗುತ್ತದೆ. ಸ್ಟವ್‌ನ ನೆತ್ತಿಯ ಮೇಲೆ ಒಂದು, ಮನೆಯ ತಣ್ಣನೆ ತುದಿಯಲ್ಲಿ, ಹೊರಗೋಡೆಯ ಪಕ್ಕ ಇನ್ನೊಂದು. ಎರಡನೆಯದಕ್ಕೆ ಬೇಸ್‌ಮೆಂಟಿನ ನೆಲದಿಂದ ಒಂದಡಿ ಎತ್ತರದ ತನಕ ತಗಡಿನ ಡಕ್ಟ್ ಇಳಿಸಿದರೆ ತಣ್ಣನೆ ಗಾಳಿ ನೇರ ಕೆಳಗೆ ಬೀಳುತ್ತದೆ. ಆದರೆ ನೆಲದಲ್ಲಿ ತೂತೆಂದರೆ ಬೆಂಕಿ ಬಿದ್ದ ದಿನ ಹೊಗೆಗೂ ಅದೇ ದಾರಿ. ಸುಮಾರು 165 ಡಿಗ್ರಿ ಫ್ಯಾರನ್‌ಹೀಟ್‌ಗೆ ಕರಗುವ ಕೊಂಡಿಯಿರುವ, ಕರಗಿದೊಡನೆ ತಾನೇ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್ ಇಲ್ಲದೆ ಕಿಂಡಿ ಬೇಡ. ಗರಗಸ ಹಿಡಿಯುವ ಮುಂಚೆ ಊರಿನ ಕೋಡ್ ಆಫೀಸನ್ನೂ ವಿಮೆಯವರನ್ನೂ ಕೇಳಿ.

ಫರ್ನೇಸ್‌ನ ಡಕ್ಟ್‌ಗಳನ್ನೇ ಬಳಸಿಕೊಳ್ಳೋಣ ಎಂದು ಸ್ಟವ್ ಪಕ್ಕದ ರಿಟರ್ನ್ ಡಕ್ಟ್‌ಗೆ, ಅಂದರೆ ಮನೆಯ ಗಾಳಿಯನ್ನು ಫರ್ನೇಸ್‌ಗೆ ಹಿಂದಕ್ಕೆ ಒಯ್ಯುವ ಕೊಳವೆಗೆ, ತೂತು ಹೊಡೆಯುವವರಿದ್ದಾರೆ. ಬೇಡವೇ ಬೇಡ. ಬ್ಲೋವರ್ ಬೇಸ್‌ಮೆಂಟಿನ ಗಾಳಿಯನ್ನು ಹೀರುತ್ತದೆ, ಚಿಮಣಿ ಹಿಂದಕ್ಕೆ ಸೆಳೆಯುತ್ತದೆ, ವಿಷಗಾಳಿ ಡಕ್ಟ್ ಮೂಲಕ ಎಲ್ಲ ಮಲಗುವ ಕೋಣೆಗೂ ಹಂಚಿಕೆಯಾಗುತ್ತದೆ. ಬೆಂಕಿಗೂಡಿನಿಂದ ಹತ್ತು ಅಡಿಯೊಳಗೆ ರಿಟರ್ನ್ ಬಾಯಿ ಇರಬಾರದೆಂದು ನಿಯಮವೇ ಇದೆ.

ಇಷ್ಟೆಲ್ಲ ಆದ ಮೇಲೂ ಮಹಡಿಯ ಕೊನೆಯ ಕೋಣೆ ಹಾಲಿಗಿಂತ ನಾಲ್ಕೈದು ಡಿಗ್ರಿ ತಣ್ಣಗೇ ಇರುತ್ತದೆ. ಬೇಸ್‌ಮೆಂಟಿನ ಸ್ಟವ್‌ನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ತಪ್ಪು. ಆ ಕೋಣೆಗೆ ಒಂದು ರಜಾಯಿ ಸಾಕು. ಎರಡನೇ ಹಂತದ ಲೆಕ್ಕದಲ್ಲಿ ಸ್ಟವ್‌ನ ಕೈಲಾಗುವುದಕ್ಕಿಂತ ಮನೆಗೆ ಬೇಕಾದದ್ದೇ ಹೆಚ್ಚು ಎಂದು ಬಂದಿದ್ದರೆ, ಮತ್ತು ಸಂದುಗಳನ್ನೆಲ್ಲ ಮುಚ್ಚಿ ಆಗಿದ್ದರೆ, ಆಗ ದೊಡ್ಡ ಸ್ಟವ್ ಅಥವಾ ಸ್ಟೋಕರ್ ವಿಚಾರ ಮಾಡಿ.

ಚಳಿಗಾಲದ ಎರಡು ತುದಿ

ಹೊರಗೆ 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ದಾಟಿದ ದಿನಗಳಲ್ಲಿ ಚಿಮಣಿ ಸರಿಯಾಗಿ ಸೆಳೆಯುವುದಿಲ್ಲ. ಅಂಥ ದಿನ ಸ್ಟವ್ ಹಚ್ಚದಿರುವುದೇ ಮೇಲು. ಋತುವಿನ ಮೊದಲ ಬೆಂಕಿಗೆ ಮುಂಚೆ ಸ್ಟವ್ ಬಾಗಿಲಲ್ಲಿ ಊದುಬತ್ತಿ ಹಿಡಿದು ನೋಡಿ. ಹೊಗೆ ಕೋಣೆಯ ಕಡೆ ಬಂದರೆ ಚಿಮಣಿಯಲ್ಲಿ ತಣ್ಣನೆ ಗಾಳಿ ಕೂತಿದೆ. ಒಂದೆರಡು ಹಾಳೆ ಪೇಪರ್ ಉರಿಸಿ ಬೆಚ್ಚಗೆ ಮಾಡಿ, ದಿಕ್ಕು ಬದಲಾದ ಮೇಲೆ ಸೌದೆ ಹಚ್ಚಿ.

ಏಪ್ರಿಲ್‌ನಲ್ಲಿ ಬೆಂಕಿ ಆರಿಸಿದ ವಾರವೇ ಕೊಳವೆ ಬಿಚ್ಚಿ, ಹೊರಗೆ ತಂದು ತಟ್ಟಿ, ಒಳಗೆ ಬ್ರಷ್ ಆಡಿಸಿ. ಮುಂದೂಡಬೇಡಿ: ಹಾರುಬೂದಿಯಲ್ಲಿ ಗಂಧಕದ ಅಂಶವಿದೆ, ಬೇಸಿಗೆಯ ಬೇಸ್‌ಮೆಂಟಿನ ತೇವ ಸೇರಿದರೆ ಆಮ್ಲವಾಗಿ ಒಂದೇ ಬೇಸಿಗೆಯಲ್ಲಿ ತಗಡನ್ನು ತೂತು ಮಾಡಬಲ್ಲದು. ಸ್ಟವ್‌ನ ಒಳಮೈಯ ಬೂದಿಯನ್ನೂ ಕೆರೆದು ತೆಗೆಯಿರಿ. ವ್ಯಾಕ್ಯೂಮ್ ಬಳಸುವುದಾದರೆ ಬೂದಿಗೆಂದೇ ಮಾಡಿದ ಫಿಲ್ಟರ್ ಇರುವುದು. ಮಾಮೂಲಿಯದರಲ್ಲಿ ಹಿಟ್ಟುಬೂದಿ ಆ ಕಡೆಯಿಂದ ಹೊರಬಂದು ಮನೆಯೆಲ್ಲ ತುಂಬುತ್ತದೆ. ಚಿಮಣಿಯ ಬುಡದ ಬಾಗಿಲು ತೆರೆದು ಕೆಳಗೆ ಬಿದ್ದದ್ದನ್ನು ಬಾಚಿ, ಕನ್ನಡಿ ಹಿಡಿದು ಒಳಗಿನ ಮಣ್ಣಿನ ಕೊಳವೆಯಲ್ಲಿ ಬಿರುಕಿದೆಯೇ ನೋಡಿ. ಕೊಳವೆಯನ್ನು ತಿರುಗಿ ಜೋಡಿಸುವುದನ್ನು ಸೆಪ್ಟೆಂಬರ್‌ಗೆ ಬಿಡಿ, ಅಲ್ಲಿಯ ತನಕ ಚಿಮಣಿಯ ಬಾಯಿಗೆ ಒಂದು ಮುಚ್ಚಳ ಹಾಕಿಡಿ. ಕಲ್ಲಿದ್ದಲನ್ನು ಬೇಸಿಗೆಯಲ್ಲೇ ತರಿಸಿ. ಅಕ್ಟೋಬರ್‌ನಲ್ಲಿ ಎಲ್ಲರೂ ಫೋನ್ ಮಾಡುವಾಗ ಲಾರಿ ನಿಮ್ಮ ಮನೆಗೆ ಬರುವಷ್ಟರಲ್ಲಿ ಮೊದಲ ಹಿಮ ಬಿದ್ದಿರುತ್ತದೆ. ಒಂದು ಟನ್‌ಗೆ ಸುಮಾರು 40 ಘನ ಅಡಿ ಜಾಗ ಬೇಕು, ಐದು ಟನ್ ಅಂದರೆ 200. ಡಬ್ಬವನ್ನು ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ಕಟ್ಟಿಸಿ.